ಎದುರಿನಿಂದ ಬಂದವರು

ಬಾಳೂರಿನ ಆ ತೋಟದಲ್ಲಿ ಕಾಫಿ ಕುಯ್ಲಿಗೆ ಒಂದು ಪದ್ಧತಿಯಿತ್ತು. ತನ್ನ ಸಾಲು ಮುಗಿಸಿದವಳು ಬುಟ್ಟಿ ಇಳಿಸಿ ಕೂರುವಂತಿಲ್ಲ. ಹಿಂದುಳಿದವಳ ಸಾಲಿನ ಆ ತುದಿಯಿಂದ ಹಣ್ಣು ಕುಯ್ಯುತ್ತ ಎದುರು ಬರಬೇಕು. ಇಬ್ಬರೂ ನಡುವೆ ಸೇರಿದ ಮೇಲೇ ಎಲೆಅಡಿಕೆ.

ಆ ದಿನ ಹಿಂದುಳಿದವಳು ಯಲ್ಲಮ್ಮ. ಎದುರಿನಿಂದ ಬಂದ ಮುದ್ದಮ್ಮ ಗಿಡದ ಸಂದಿಯಲ್ಲಿ ಅವಳ ಮುಖ ನೋಡಿದಳು.

“ಲಕ್ಕಯ್ಯನ ಕೈ ಹೆಂಗಿದೆ?”

“ಊದ್ಕೊಂಡಿದೆ ಕಣೇ. ಅನ್ನ ನಾನೇ ಕಲಸಿ ಕೊಡ್ಬೇಕು.”

ಕೆಲವು ದಿನಗಳ ಹಿಂದೆ ಪೊಲೀಸ್ ದಫೇದಾರನ ಹಾಸಿಗೆ ಗಂಟನ್ನು ಕಳಸದವರೆಗೆ ಬಿಟ್ಟಿ ಹೊರಲು ಒಪ್ಪದ್ದಕ್ಕೆ ಯಲ್ಲಮ್ಮನ ಗಂಡ ಲಕ್ಕಯ್ಯನಿಗೆ ಲಾಠಿ ಏಟು ಬಿದ್ದಿತ್ತು. ಕಂಡವರು ಬೇಕಾದಷ್ಟು ಜನ; ಬಾಯಿ ಬಿಟ್ಟವರಿಲ್ಲ. ಈಗ ನಾಳೆ ಬೆಳಿಗ್ಗೆ ಅವನ ಮೇಲಿನ ಪೊಲೀಸ್ ಸಾಹೇಬರು ಚಿಕ್ಕಮಗಳೂರಿನಿಂದ ಬಂದು ಊರಿನ ಮುಸಾಫರಖಾನೆ ಬಂಗಲೆಯಲ್ಲಿ ಇಳಿಯುವವರಿದ್ದರು.

“ದೂರು ಹೇಳೋಕೆ ಬಾಯಿದೆ. ಒಬ್ಳೇ ಹೋಗೋಕೆ ಕಾಲು ಏಳಲ್ಲ,” ಎಂದಳು ಯಲ್ಲಮ್ಮ.

ಕುಯ್ಲು ನೋಡಿಕೊಳ್ಳುವ ಮೇಸ್ತ್ರಿ ಗುರುವಯ್ಯ ಕೇಳಿಸಿಕೊಂಡ. “ಸುಮ್ನಿರಿ ಮಾರಾಯ್ತೀರಾ. ಸಾಹೇಬ್ರು ಕಾರು ಹತ್ತಿ ಹೋಗ್ತಾರೆ. ದಫೇದಾರ ಇದೇ ದಾರೀಲಿ ತಿರುಗ್ತಾ ಇರ್ತಾನೆ.”

“ನಾವೂ ಇದೇ ದಾರೀಲಿ ತಿರುಗ್ಬೇಕಲ್ಲ ಮೇಸ್ತ್ರಿ? ಅದಕ್ಕೇ ಹೇಳ್ಬೇಕು. ಇವಳ ಜೊತೆ ನಾನು ಹೋಗ್ತೀನಿ,” ಎಂದಳು ಮುದ್ದಮ್ಮ.

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟಾಗ ಗುರುವಯ್ಯನೂ ಹಿಂದೆ ಬಂದ. “ದಾರಿ ತೋರ್ಸೋಕೆ, ಅಷ್ಟೇ. ಬಂಗಲೆ ಗೇಟಿನ ಒಳಗೆ ಬರಲ್ಲ.”

“ಹುಟ್ಟಿದಾಗಿಂದ ನಡೆದ ದಾರಿ ನಮ್ಗೆ ಗೊತ್ತಿಲ್ವಾ!” ಮುದ್ದಮ್ಮ ನಕ್ಕಳು.

ಮುಸಾಫರಖಾನೆಯ ಅಂಗಳದಲ್ಲಿ ಸಾಹೇಬರು ಯಲ್ಲಮ್ಮನ ಮಾತನ್ನು ಪೂರ್ತಿ ಕೇಳಿದರು. ದಫೇದಾರ ಪಕ್ಕದಲ್ಲೇ ನಿಂತಿದ್ದ.

“ಕಂಡವರು ಯಾರಮ್ಮ?”

“ನಾನು ಬುದ್ಧಿ,” ಎಂದಳು ಮುದ್ದಮ್ಮ.

“ಇಬ್ಬರೂ ಅಕ್ಕಪಕ್ಕದ ಮನೆಯವರು ಸ್ವಾಮಿ. ಅವಳು ಅಂದಿದ್ದಕ್ಕೆ ಇವಳು ಹೂಂ ಅಂತಾಳೆ,” ಎಂದ ದಫೇದಾರ.

ಯಲ್ಲಮ್ಮ ಗೇಟಿನ ಕಡೆ ತಿರುಗಿದಳು. ಗುರುವಯ್ಯ ನೆಲ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ತಲೆವಸ್ತ್ರ ತೆಗೆದು ಒಳಗೆ ಬಂದ.

“ನಾನೂ ಕಂಡಿದ್ದೀನಿ ಬುದ್ಧಿ.”

“ಇಷ್ಟು ದಿನ ಯಾಕೆ ಸುಮ್ಮನಿದ್ದೆ?”

“ಹೆದರಿಕೆ ಬುದ್ಧಿ. ಈಗ್ಲೂ ಇದೆ.”

ಸಾಹೇಬರು ದಫೇದಾರನನ್ನು ಹೊರಗೆ ಕಳಿಸಿ, ಮೂವರ ಹೇಳಿಕೆಯನ್ನೂ ಬರೆಸಿಕೊಂಡರು.

ಕುಯ್ಲು ಮುಗಿಯುವ ಮೊದಲೇ ದಫೇದಾರನಿಗೆ ವರ್ಗವಾಯಿತು. ಹಾಸಿಗೆ ಗಂಟನ್ನು ತಾನೇ ಹೊತ್ತುಕೊಂಡು ತೋಟದ ದಾರಿಯಲ್ಲಿ ಹಾದುಹೋದ. ಯಾರೂ ನಗಲಿಲ್ಲ, ಮುದ್ದಮ್ಮನಿಗೆ ಮಾತ್ರ ವಿಪರೀತ ಕೆಮ್ಮು ಬಂತು.

ಅವತ್ತೂ ಯಲ್ಲಮ್ಮ ಹಿಂದುಳಿದಿದ್ದಳು. ಎದುರಿನಿಂದ ಗಿಡ ಅಲ್ಲಾಡಿತು.

“ಮುದ್ದೀ, ಬಂದ್ಯಾ?”

ಎಲೆ ಸರಿಸಿ ನೋಡಿದರೆ ಗುರುವಯ್ಯ! ಮೇಸ್ತ್ರಿಯಾದ ಮೇಲೆ ಬುಟ್ಟಿ ಮುಟ್ಟದವನು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು, ಹಣ್ಣಿನ ಜೊತೆ ಹಸಿರು ಕಾಯನ್ನೂ ಕಿತ್ತು ತುಂಬುತ್ತಿದ್ದ.

“ಕಾಯಿ ಕೀಳ್ಬೇಡಿ ಮೇಸ್ತ್ರಿ!” ಎಂದು ಯಲ್ಲಮ್ಮ ಗದರಿದಳು.

“ಆಯ್ತು ಮಾರಾಯ್ತಿ,” ಎಂದು ಅವನು ಮುಂದಿನ ಗಿಡಕ್ಕೆ ಬಂದ.