ಅಳಿಯನ ಗಡ್ಡೆಗಳು

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಲಾಡ್ಜ್ ನಡೆಸುವ ಜಗದೇವಪ್ಪನಿಗೆ ಸೈಕ್ಲಮೆನ್ ಗಿಡಗಳ ಹುಚ್ಚು. ಹುಚ್ಚಿಗೂ ಒಂದು ಅಳತೆ ಬೇಡವೇ? ಕಲಬುರಗಿಯಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಊರವರೇ ನಗುತ್ತಾರೆ. ಅಂಥ ಊರಿನಲ್ಲಿ ಈತ ಸಾಕಿದ್ದು ಚಳಿಗೆ ಎಲೆ ಬಿಟ್ಟು, ಬಿಸಿಲು ಏರುತ್ತಿದ್ದಂತೆ ಎಲೆಯೆಲ್ಲ ಉದುರಿಸಿ, ಮಣ್ಣೊಳಗಿನ ಗಡ್ಡೆಯಾಗಿ ಮಲಗಿಬಿಡುವ ಗಿಡ. ಲಾಡ್ಜಿನ ಅತ್ಯಂತ ತಂಪಾದ ಕೋಣೆ ನೆಲಮಹಡಿಯ ಒಳಕೋಣೆ. ಬೇಸಿಗೆಯಲ್ಲಿ ರೈಲಿಳಿದು ಬಂದವರು ಎಷ್ಟು ಗೋಗರೆದರೂ ಅದು ಸಿಗುತ್ತಿರಲಿಲ್ಲ. ಅಲ್ಲಿ ಕುಂಡಗಳು ಮಲಗಿರುತ್ತಿದ್ದವು.

ಹೂವು ಚೆಂದವೇ. ಮುಖ ಕೆಳಗೆ ಹಾಕಿ, ಎಸಳುಗಳನ್ನೆಲ್ಲ ಮೇಲಕ್ಕೆ ಮಡಚಿಕೊಂಡು, ಗಾಳಿಗೆ ತಿರುಗಿಬಿದ್ದ ಛತ್ರಿಯ ಹಾಗೆ ನಿಲ್ಲುತ್ತದೆ. ಆದರೆ ಜಗದೇವಪ್ಪ ಸೋತದ್ದು ಎಲೆಗೆ. ಗ್ರೀಸ್ ದೇಶದ ಕಡೆಯ ಜಾತಿಯೊಂದರಲ್ಲಿ ಹಸಿರೆಲೆಯ ಮೇಲೆ ಬೆಳ್ಳಿಯ ಗೆರೆಗಳು ಮೂಡುತ್ತವೆ, ಒಂದು ಗಿಡದ ಎಲೆಯಂತೆ ಇನ್ನೊಂದರದು ಇರುವುದಿಲ್ಲ. ಹೊರದೇಶದ ಹವ್ಯಾಸಿಗಳಿಂದ ಬೀಜ ತರಿಸಿ, ಬಿತ್ತಿ, ಮೊಳೆತವುಗಳಲ್ಲಿ ಹೆಚ್ಚಿನವನ್ನು ಬಿಸಿಲಿಗೆ ಕಳೆದುಕೊಂಡು, ಉಳಿದವುಗಳ ಎಲೆಯನ್ನು ದಿನಾ ಬೆಳಿಗ್ಗೆ ಮಕ್ಕಳ ಮುಖ ನೋಡಿದ ಹಾಗೆ ನೋಡುತ್ತಿದ್ದ.

ಅವುಗಳಲ್ಲಿ ಒಂದರ ಎಲೆ ಪೂರ್ತಿ ಬೆಳ್ಳಿ. ಅಂಚಿಗೆ ಮಾತ್ರ ಸಣ್ಣ ಹಸಿರು ಗೆರೆ. ಅಂಥದು ಅವನಿಗೆ ಬೀಜ ಕಳಿಸಿದವರ ಬಳಿಯೂ ಇರಲಿಲ್ಲ. ಬಿತ್ತಿ ಐದು ವರ್ಷವಾಗಿದ್ದರೂ ಅದು ಹೂ ಬಿಟ್ಟಿರಲಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ಮೊಗ್ಗು ಕೊಟ್ಟು, ಅರಳುವ ಮೊದಲೇ ಒಣಗಿಸಿಕೊಂಡಿತು. ಈ ಗಡ್ಡೆಯನ್ನು ಕತ್ತರಿಸಿ ಎರಡು ಮಾಡಲು ಬರುವುದಿಲ್ಲ, ಕತ್ತರಿಸಿದರೆ ಕೊಳೆಯುತ್ತದೆ. ಹೂವಾಗಿ, ಬೀಜವಾದರೆ ಮಾತ್ರ ಆ ಬೆಳ್ಳಿ ಮುಂದೆ ಉಳಿಯಬೇಕು. ಬರುವ ಚಳಿಗಾಲಕ್ಕೆ ಹೂ ಖಂಡಿತ ಎಂದು ಜಗದೇವಪ್ಪ ಹೆಂಡತಿ ವಿದ್ಯಾವತಿಗೆ ಎಷ್ಟು ಸಲ ಹೇಳಿದ್ದನೆಂದರೆ, ಆಕೆ ಕೇಳುವುದನ್ನೇ ಬಿಟ್ಟಿದ್ದಳು.

ಈ ವರ್ಷ ಒಳಕೋಣೆಯ ಗೋಡೆ ಒಡೆದು ಬಾತ್‌ರೂಮ್ ಕಟ್ಟಿಸುವ ಕೆಲಸ ಬಂತು. ಕುಂಡಗಳಿಗೆ ಜಾಗ ಹುಡುಕಿದಾಗ ನೆನಪಾದದ್ದು ಕಮಲಾಪುರದ ಮಾವನ ಮನೆ. ಮಾವ ತೀರಿಕೊಂಡಿದ್ದರು. ಅತ್ತೆ ಅಂಬಮ್ಮ, ಮಗ ಸೊಸೆಯ ಜೊತೆ ಆ ಕಲ್ಲುಗೋಡೆಯ ಮಾಳಿಗೆ ಮನೆಯಲ್ಲಿದ್ದರು. ವೈಶಾಖದಲ್ಲೂ ಅಲ್ಲಿನ ಪಡಸಾಲೆ ತಣ್ಣಗಿರುತ್ತದೆ. ಜಗದೇವಪ್ಪ ಬಜಾರದಲ್ಲಿ ಬಾಡಿಗೆ ಹೊಡೆಯುವ ಹುಸೇನನ ಟೆಂಪೋದಲ್ಲಿ ಕುಂಡಗಳನ್ನು ಹೇರಿಸಿದ. ಬೆಳ್ಳಿ ಎಲೆಯದನ್ನು ತೊಡೆಯ ಮೇಲೆ ಇಟ್ಟುಕೊಂಡ. ದಾರಿಯಲ್ಲಿ ಮಹಾಗಾಂವದ ಹತ್ತಿರ ಟೆಂಪೋ ಕುಣಿದಾಗ ತಲೆ ಚಾವಣಿಗೆ ಬಡಿದರೂ ಕುಂಡದ ಮೇಲಿನ ಕೈ ತೆಗೆಯಲಿಲ್ಲ.

ಇಲ್ಲಿ ಅಳಿಯತನದ ಒಂದು ಮಾತು ಹೇಳಬೇಕು. ಈ ಸೀಮೆಯಲ್ಲಿ ಅಳಿಯನಾದವನು ಊಟಕ್ಕೆ ಕೂತಾಗ ಮೊದಲ ಸಲಕ್ಕೇ "ಹಾಕ್ರಿ" ಅನ್ನಬಾರದು, ಅಂದನೋ ಹೊಟ್ಟೆಬಾಕ. ಅತ್ತೆಯಾದವಳು ಬೇಡ ಅಂದ ಕೂಡಲೇ ಬಿಡಬಾರದು, ಬಿಟ್ಟರೆ ಜಿಪುಣಿ. ಆದ್ದರಿಂದ ಅಳಿಯ ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯಬೇಕು, ಅತ್ತೆ ಬೆರಳುಗಳ ಸಂದಿಯಲ್ಲೇ ತುಪ್ಪ ಸುರಿಯಬೇಕು. ಮದುವೆಯಾದ ಲಾಗಾಯ್ತು ಜಗದೇವಪ್ಪ ಆ ಮನೆಯಲ್ಲಿ ಬೇಡವೆನ್ನುತ್ತಲೇ ಉಂಡಿದ್ದ. ಹಸಿದು ಕಂಗಾಲಾಗಿ ಬಂದ ದಿನವೂ "ಬ್ಯಾಡ್ರಿ, ತ್ರಾಸ ತಗೋಬ್ಯಾಡ್ರಿ" ಅಂದು, ನಾಲ್ಕು ಹೋಳಿಗೆ ಮುಗಿಸಿ ಎದ್ದಿದ್ದ. ಅಂಬಮ್ಮ ಒಂದು ಸಲವೂ ಅವನ ಮಾತು ನಂಬಿರಲಿಲ್ಲ, ನಂಬದಿದ್ದುದರಿಂದಲೇ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಕುಂಡಗಳನ್ನು ಪಡಸಾಲೆಯಲ್ಲಿ ಸಾಲಾಗಿ ಇಳಿಸಿ ಜಗದೇವಪ್ಪ ಹೇಳಿದ:

"ಅತ್ತಿ, ಇವಕ್ಕ ನೀರ ಬ್ಯಾಡ್ರಿ."

"ಹಂಗ್ಯಾಕ್ರಿ? ಇಂಥಾ ಬಿಸಲಾಗ?"

"ಮಲಗ್ಯಾವ್ರಿ ಅವು. ಒಂದ್ ಹನಿನೂ ಬ್ಯಾಡ. ನೀವೇನೂ ತ್ರಾಸ ತಗೋಬ್ಯಾಡ್ರಿ."

"ಆತ್ರಿ," ಅಂದರು ಅಂಬಮ್ಮ. ಒಳಗೆ ಹೋಗಿ ನಿಂಬೆಹಣ್ಣಿನ ಶರಬತ್ತು ತಂದರು. ಜಗದೇವಪ್ಪ ಬ್ಯಾಡ್ರಿ ಅಂದು ಎರಡು ಗ್ಲಾಸು ಕುಡಿದು ಕಲಬುರಗಿಗೆ ಹೊರಟ.

ಆಮೇಲೆ ಫೋನಿನಲ್ಲಿ ಕೇಳುತ್ತಿದ್ದ, ಗಡ್ಡೆ ಹೇಗಿವೆಯೆಂದು. ಆರಾಮ ಅದಾವ್ರಿ, ಚಿಂತಿ ಮಾಡಬ್ಯಾಡ್ರಿ ಅನ್ನುತ್ತಿದ್ದರು ಅತ್ತೆ. ನೀರಿನ ಮಾತು ಅವನೂ ಎತ್ತಲಿಲ್ಲ, ಹೇಳಿದ್ದಾಗಿತ್ತಲ್ಲ. ಅಂಬಮ್ಮನೂ ಎತ್ತಲಿಲ್ಲ. ಅಳಿಯನಿಗೆ ಮಾಡಿದ ಉಪಚಾರವನ್ನು ಯಾರಾದರೂ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆಯೇ?

ಕಾರಹುಣ್ಣಿಮೆಗೆ ಕರೆ ಬಂತು. ಗಂಡ ಹೆಂಡತಿ ಕಮಲಾಪುರದಲ್ಲಿ ಬಸ್ಸಿಳಿದರು. ಜಗದೇವಪ್ಪ ಕೈಕಾಲು ತೊಳೆಯುವ ಮೊದಲೇ ಪಡಸಾಲೆಗೆ ಹೋದ. ಕುಂಡಗಳ ಮಣ್ಣು ಒದ್ದೆಯಾಗಿ ಮಿರುಗುತ್ತಿತ್ತು. ಹಳಸಿದ ಅನ್ನದಂಥ ವಾಸನೆ ಬರುತ್ತಿತ್ತು. ಬೆಳ್ಳಿ ಎಲೆಯ ಕುಂಡದ ಮಣ್ಣು ಸರಿಸಿ ಗಡ್ಡೆಯನ್ನು ಮುಟ್ಟಿದ. ಅಡಿಕೆಯ ಹಾಗೆ ಗಟ್ಟಿಯಿರಬೇಕಾದದ್ದು. ಬೆರಳು ಒಳಗೆ ಹೋಯಿತು.

ಒಂದೊಂದಾಗಿ ಎಲ್ಲವನ್ನೂ ಮುಟ್ಟಿ ನೋಡಿದ. ಎಲ್ಲವೂ ಹಾಗೇ.

ಅಷ್ಟರಲ್ಲಿ ಅಂಬಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಮುಖದ ತುಂಬ ಸಂತೋಷ.

"ನೋಡ್ರಿ ಮತ್ತ. ನಳದ ನೀರ ಕಾದಿರ್ತದಂತ ಮಣ್ಣಿನ ಗಡಗಿ ನೀರ ಹಾಕೀನ್ರಿ, ದಿನಾ ಮುಂಜಾನಿ, ಸಂಜಿಕಿ. ನೀವ್ ಬ್ಯಾಡ ಅಂದ್ರ ನಾ ಬಿಡತೀನೇನ್ರಿ? ಅಳಿಯಾರ ಗಿಡ ನಮ್ಮನಿಯಾಗ ನೀರಡಿಸಿ ಕೂತ್ರ ಮಂದಿ ಏನಂದಾರ?"

ಮನೆಯವರು ಕುಡಿಯುವ ನೀರು ಅದು. ಹೊಸ ಗಡಿಗೆ, ಒದ್ದೆ ಬಟ್ಟೆ ಸುತ್ತಿದ್ದು.

"ಛಲೋ ಮಾಡೀರಿ," ಅಂದ ಜಗದೇವಪ್ಪ.

ಅಂಬಮ್ಮ ಅಡುಗೆಮನೆಗೆ ಹೋದ ಮೇಲೆ ವಿದ್ಯಾವತಿ ಹತ್ತಿರ ಬಂದಳು. ಗಂಡನ ಬೆರಳಿಗೆ ಮೆತ್ತಿದ್ದನ್ನು ನೋಡಿದಳು.

"ಅವ್ವಗ ನಾ ಹೇಳ್ತೀನಿ ತಡೀರಿ. ಇಷ್ಟ್ ಸ್ಪಷ್ಟ ಹೇಳಿದ್ರಿ ನೀವು."

"ಏನಂತ ಹೇಳ್ತಿ? ಇಪ್ಪತ್ತ್ ವರ್ಷ ನಾ ಬ್ಯಾಡಂತ ಸುಳ್ಳ ಹೇಳೀನಿ. ಇದೊಂದ್ ಖರೇ ಅಂತ ಆಕಿಗಿ ಹ್ಯಾಂಗ ತಿಳೀಬೇಕು? ಸುಮ್ನಿರು."

ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ. ಜಗದೇವಪ್ಪನಿಗೆ ಅಳು ಬಂತು. ಐವತ್ತರ ಹತ್ತಿರದ ಗಂಡಸು ಹಬ್ಬದ ದಿನ ಮಾವನ ಮನೆಯಲ್ಲಿ ಗಡ್ಡೆಗಾಗಿ ಅಳುವುದು ಚೆನ್ನಾಗಿರುವುದಿಲ್ಲ. ಬಚ್ಚಲಿಗೆ ಹೋಗಿ, ಬಹಳ ಹೊತ್ತು ಮುಖ ತೊಳೆದ.

ಊಟಕ್ಕೆ ಕೂತಾಗ ಅತ್ತೆಗೆ ಏನೂ ಗೊತ್ತಾಗಬಾರದು ಎಂದು ನಿಶ್ಚಯಿಸಿಕೊಂಡಿದ್ದ. ಮೊದಲ ಹೋಳಿಗೆಯನ್ನು ಚೆನ್ನಾಗಿಯೇ ತಿಂದ. ಬೇಳೆ ಹದವಾಗಿ ಬೆಂದಿದೆ ಎಂದೂ ಹೇಳಿದ. ಅಂಬಮ್ಮ ಬುಟ್ಟಿ ಹಿಡಿದು ಮತ್ತೆ ಬಂದರು.

"ಇನ್ನೊಂದ್ ಹೋಳಿಗಿ ಹಾಕ್ಲೇನ್ರಿ?"

ತಾಟಿನ ಮೇಲೆ ಅಡ್ಡ ಬರಬೇಕಾದ ಕೈ ಬರಲಿಲ್ಲ. ಆಟವಾಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಹಾಕ್ರಿ," ಅಂದ.

ಅಂಬಮ್ಮನ ಕೈ ಅಲ್ಲೇ ನಿಂತಿತು. ಅಳಿಯನ ಮುಖ ನೋಡಿದರು, ತಲೆ ತಗ್ಗಿಸಿ ಕೂತ ಮಗಳನ್ನು ನೋಡಿದರು. ಆಮೇಲೆ ಪಡಸಾಲೆಯ ಕುಂಡಗಳ ಕಡೆ ತಿರುಗಿದರು.

"ಅಳಿಯಾರ, ಅವತ್ತ ನೀರ ಬ್ಯಾಡ ಅಂದ್ರಲ್ಲ... ಅದು ಖರೇನ ಬ್ಯಾಡಾಗಿತ್ತೇನ್ರಿ?"

ಇಲ್ರಿ ಅನ್ನುವುದು ಮರ್ಯಾದೆ. ಮರ್ಯಾದೆಯಿಂದ ಆದದ್ದು ಸಾಕಾಗಿತ್ತು.

"ಹೌದ್ರಿ ಅತ್ತಿ."

ಅಂಬಮ್ಮ ಕೈಯಲ್ಲಿದ್ದ ಹೋಳಿಗೆಯನ್ನು ಅವನ ತಾಟಿಗೆ ಹಾಕಿ, ಬುಟ್ಟಿಯೊಂದಿಗೆ ಒಳಗೆ ಹೋದರು. ಜಗದೇವಪ್ಪ ಅದನ್ನು ನಿಧಾನವಾಗಿ ತಿಂದು ಮುಗಿಸಿದ. ಹೊಟ್ಟೆ ಇನ್ನೂ ಅರ್ಧ ಖಾಲಿ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯ ಒಳಗಿಂದಲೇ ದನಿ ಬಂತು.

"ಇನ್ನೊಂದ್ ಹಾಕ್ಲೇನ್ರಿ?"

"ಬ್ಯಾಡ್ರಿ," ಅಂದ ಜಗದೇವಪ್ಪ, ರೂಢಿಯಂತೆ. ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು ಕಾಯುತ್ತ ಕೂತ.

ಅಂಬಮ್ಮ ಬರಲಿಲ್ಲ.