ಮೊಲದ ಚಿತ್ರದ ಚೀಲ

ಗಂಡನಿಗೆ ತೊಡಿಸಲೆಂದು ಕಪಾಟಿನ ತಳದಿಂದ ಮಡಿಸಿಟ್ಟ ಅಂಗಿಯನ್ನು ಎಳೆದಳು. ಅದರ ಹಿಂದೆಯೇ ಮಕ್ಕಳ ಸ್ಕೂಲ್ ಬ್ಯಾಗೊಂದು ಉರುಳಿ ಬಂದು ಅವಳ ಪಾದದ ಮೇಲೆ ಬಿತ್ತು. ನೀಲಿ ಚೀಲ, ಮೇಲೆ ಹಲ್ಲು ಕಿರಿದ ಮೊಲ. ಮಕ್ಕಳಿಲ್ಲದ ಮನೆ ಅದು.

“ಯಾರದ್ದಕ್ಕಾ ಇದು?” ತಂಗಿ ಕೇಳಿದಳು.

“ನನಗೇನೇ ಗೊತ್ತು?”

ಬಾಗಿಲಲ್ಲಿ ನಿಂತಿದ್ದ ನಾದಿನಿ, “ನಮ್ಮಣ್ಣ ಅಂಥವನಲ್ಲ ಅತ್ತಿಗೆ,” ಎಂದಳು.

“ಅಂಥವರು ಅಂತ ಯಾರಂದ್ರೀಗ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು,” ತಂಗಿ ಸಿಡುಕಿದಳು.

ನಡುಮನೆಯಲ್ಲಿ ಅವನು ಮಲಗಿದ್ದ. ನಿನ್ನೆ ಮಧ್ಯಾಹ್ನ ತನ್ನ ಗಡಿಯಾರದಂಗಡಿಯಲ್ಲಿ ಕೂತಲ್ಲೇ ತಲೆವಾಲಿಸಿ ಪ್ರಾಣ ಬಿಟ್ಟವನು. ಅಲ್ಲಿ ರಿಪೇರಿಗೆ ಬಂದ ಗಡಿಯಾರಗಳು ಗೋಡೆಯ ತುಂಬ ಒಂದೊಂದು ಹೊತ್ತು ತೋರಿಸುತ್ತಿದ್ದವು. ಇನ್ನೊಂದು ಮನೆಯಿತ್ತೇ? ಅಲ್ಲೊಂದು ಮಗುವೇ? ಯಾರನ್ನು ಕೇಳುವುದು?

*

“ವಾಕಿಂಗಿಗೆ ಹೋದವರು ಹೀಗಾ ಬೆವರೋದು? ಮೊಣಕೈ ಬೇರೆ ತರಚಿದೆ!” ಹಿಂದೊಂದು ಬೆಳಗ್ಗೆ ಅವಳು ಗಂಡನನ್ನು ಕೇಳಿದ್ದಳು.

“ಏರು ದಾರಿ ಕಣೇ.”

ಹುಡುಕಿದರೂ ಏರು ಸಿಗದ ಊರು. ಎಡಗಾಲು ಗಿಡ್ಡವೆಂದು ಎಡ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಳ್ಳುತ್ತಿದ್ದವನು ಅಂದು ಕಿಟಕಿಯಲ್ಲಿ ನಿಂತು, ಚೀಲ ಗುಡ್ಡೆಹಾಕಿ ಮೈದಾನಕ್ಕೆ ಓಡುವ ಮಕ್ಕಳನ್ನು ನೋಡುತ್ತಿದ್ದ.

“ಸ್ಕೂಲಲ್ಲಿ ನನ್ನನ್ನ ಯಾರೂ ಆಟಕ್ಕೆ ಸೇರಿಸ್ತಿರಲಿಲ್ಲ. ಎಲ್ಲರ ಚೀಲ ಕಾಯೋದೇ ನನ್ನ ಕೆಲಸ. ಒಂದು ಚೀಲ ಕಳೆದಿದ್ರೆ ಕೇಳು!”

“ದೊಡ್ಡ ಸಾಹಸ, ಬನ್ನಿ ತಿಂಡಿಗೆ,” ಎಂದು ಅವಳು ನಕ್ಕಿದ್ದಳು.

*

ಚೀಲದ ತಳದ ಖಾನೆಯ ಜಿಪ್ ಎಳೆದಳು. ಒಳಗೆ ಆಟದ ಬೂಟುಗಳು. ಮಗುವಿನವಲ್ಲ, ದೊಡ್ಡವು. ಎಡದ್ದರ ಅಟ್ಟೆ ದಪ್ಪ, ಅಂಚಿಗೆ ಇನ್ನೂ ಆರದ ಮಣ್ಣು.

ಎದೆಯ ಕಲ್ಲು ಇಳಿಯಿತು. ತಲೆ ಮಾತ್ರ ಇನ್ನಷ್ಟು ಕೆಟ್ಟಿತು. ನೆಟ್ಟಗೆ ಓಡಲಾರದವನಿಗೆ ಆಟದ ಬೂಟೇ?

ಅಷ್ಟರಲ್ಲಿ ನಾಲ್ವರು ಗಂಡಸರು ಬಂದರು. ನಡುವಯಸ್ಸು ದಾಟಿದವರು, ಹೆಗಲಲ್ಲಿ ಚೀಲ, ಮೊಣಕಾಲಲ್ಲಿ ಮಣ್ಣು.

“ಈಗಷ್ಟೇ ಗೊತ್ತಾಯ್ತಮ್ಮ. ನಾನು ಬಸ್ ಡ್ರೈವರು. ಬೆಳಗ್ಗೆ ನಾವೆಲ್ಲ ಫುಟ್‌ಬಾಲ್ ಆಡ್ತೀವಿ. ನಿಮ್ಮ ಯಜಮಾನರು ನಮ್ಮ ಗೋಲ್‌ಕೀಪರು,” ಎಂದ ಒಬ್ಬ. ಅವಳ ಕೈಲಿದ್ದ ಚೀಲ ಕಂಡು ಹತ್ತಿರ ಬಂದ. “ಅಯ್ಯೋ, ಅದೇ ಬ್ಯಾಗು. ದೊಡ್ಡವರದ್ದು ತಗೊಳ್ಳಿ ಅಂದ್ರೂ ಕೇಳ್ಲಿಲ್ಲ. ಬೂಟಿಗೆ ಬೇರೆ ಜಾಗ ಇದೆ, ಮೊಲಾನೂ ಇದೆ, ಇನ್ನೇನು ಬೇಕು ಅಂದ್ರು.”

“ನನ್ನ ಹತ್ರ ಯಾಕೆ ಮುಚ್ಚಿಟ್ರು?”

“ಒಂದು ಗೋಲಾದ್ರೂ ತಡೆದು ಆಮೇಲೆ ಹೇಳ್ತೀನಿ ಅಂತಿದ್ರು.”

“ತಡೆದ್ರಾ?”

ಡ್ರೈವರು ಉಳಿದವರ ಮುಖ ನೋಡಿದ.

“ಇಲ್ಲಮ್ಮ. ಒಂದೂ ಇಲ್ಲ.”

ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆಂದು ತಂಗಿ ಓಡಿ ಬಂದು ತಬ್ಬಿಕೊಂಡಳು. ಅಳುವೋ ನಗುವೋ, ಅವಳಿಗೇ ತಿಳಿಯಲಿಲ್ಲ.

ನಾಲ್ವರೂ ಚೀಲಗಳನ್ನು ಮೆಟ್ಟಿಲ ಬಳಿ ಇಳಿಸಿ ಅವನಿಗೆ ಹೆಗಲು ಕೊಟ್ಟರು. ಅವಳು ಮೊಲದ ಚೀಲವನ್ನು ತಂದು ಆ ಗುಡ್ಡೆಯ ನಡುವೆ ಇಟ್ಟಳು.

“ಬಾ ಅಕ್ಕ, ಹೊರಟರು,” ತಂಗಿ ಕರೆದಳು.

“ನೀವು ನಡೀರಿ,” ಎಂದು ಅವಳು ಮೆಟ್ಟಿಲ ಮೇಲೆ ಕೂತಳು. “ಚೀಲ ಕಾಯೋಕೆ ಯಾರಾದ್ರೂ ಬೇಕಲ್ಲ.”