ಎರಡು ಗುಂಡಿಯ ತೋಳು

ಬ್ಯಾಡಗಿಯ ಸಮಸ್ತ ಮಹಾಜನರ ಅವಗಾಹನೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಎರಡು ಸಾವಿರದ ಆರನೇ ಇಸವಿ ಫೆಬ್ರವರಿಯ ಎರಡನೇ ಸೋಮವಾರ, ಮುಹೂರ್ತ ಗಿಹೂರ್ತ ಏನನ್ನೂ ನೋಡದೆ, ಕಲ್ಲೇಶನ ಬಿಳಿ ಅಂಗಿಯ ಬಲತೋಳಿಗೆ ಒಂದರ ಬದಲು ಎರಡು ಗುಂಡಿ ಹಚ್ಚಲಾಯಿತು. ಎಡತೋಳಿಗೆ ಈ ಸೌಲಭ್ಯ ಇರುವುದಿಲ್ಲ.

ಗುಂಡಿ ಹಚ್ಚಿದವಳು ಅವನ ಹೆಂಡತಿ ಕಾವ್ಯಾ. ಹಲ್ಲಿನಿಂದ ದಾರ ಕಡಿದು, ಅಗಲ ಮಾಡಿ ಹೊಲಿದ ತೋಳನ್ನು ಬೆಳಕಿಗೆ ಹಿಡಿದಳು.

"ಇದರಾಗ ನಿಮ್ಮ ಕೈಯಷ್ಟ ಅಲ್ಲ, ಒಂದು ಮೆಣಸಿನಕಾಯಿ ಚೀಲಾನೂ ಹೋಕ್ಕೈತಿ."

"ಮೊಳಕೈ ಯಾರಿಗೂ ಕಾಣಬಾರದು, ಅಷ್ಟ."

"ಕಳ್ಳರು ಮಾರಿ ಮುಚ್ಚಿಕೋತಾರ. ನೀವು ಮೊಳಕೈ ಮುಚ್ಚಿಕೊಳ್ಳಾಕತ್ತೀರಿ."

ಕಲ್ಲೇಶ ನಗಲಿಲ್ಲ. ನಗುವುದನ್ನು ಬಿಟ್ಟು ಮೂರು ವಾರವಾಗಿತ್ತು.

ಅವನು ಆಫ್ ಸ್ಪಿನ್ನರ್. ಮಾರುಕಟ್ಟೆಯ ಖಾಲಿ ಕಟ್ಟೆಗಳ ನಡುವೆ ಟೆನಿಸ್ ಚೆಂಡು, ರಾಣೆಬೆನ್ನೂರಿನ ಮ್ಯಾಟ್ ಮೇಲೆ ತೊಗಲಿನ ಚೆಂಡು, ಹುಬ್ಬಳ್ಳಿ ಲೀಗಿನಲ್ಲಿ ನಾಲ್ಕು ವರ್ಷ, ಕೊನೆಗೆ ಇಪ್ಪತ್ತಾರನೇ ವಯಸ್ಸಿಗೆ ರಣಜಿ. ಮೂರು ಪಂದ್ಯ, ಹನ್ನೊಂದು ವಿಕೆಟ್. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಕಲ್ಲೇಶನ ಬೌಲಿಂಗಿಗೆ ಬಣ್ಣವೇ ಇರಲಿಲ್ಲ, ಬರೀ ಖಾರ.

ಮೂರನೇ ಪಂದ್ಯ ಮುಗಿದ ಮೇಲೆ ಯಾರೋ ಒಬ್ಬ ಅಂಪೈರ್ ಒಂದು ಸಾಲು ಬರೆದು ಹೋಗಿದ್ದ: ಚೆಂಡು ಬಿಡುವಾಗ ಈತನ ಮೊಳಕೈ ನೆಟ್ಟಗಾಗುತ್ತದೆಂಬ ಅನುಮಾನವಿದೆ. ಕ್ರಿಕೆಟ್ಟಿನ ಕಾನೂನು ವಿಚಿತ್ರ. ಬಾಗಿದ ಕೈ ಬಾಗಿಯೇ ಇದ್ದರೆ ತಕರಾರಿಲ್ಲ. ಬಾಗಿದ್ದು ದಿಢೀರನೆ ನೆಟ್ಟಗಾದರೆ ಅದು ಬೌಲಿಂಗ್ ಅಲ್ಲ, ಕಲ್ಲು ಬೀಸಿದಂತೆ. ವಕ್ರರು ವಕ್ರವಾಗಿಯೇ ಇರಲಿ, ಸುಧಾರಿಸಿದರೆ ಮಾತ್ರ ಸಂಶಯ!

ಅನುಮಾನದ ಬೆನ್ನಿಗೇ ಕಾಗದ ಬಂತು. ಬರುವ ರವಿವಾರ ಹಾವೇರಿಯ ಮೈದಾನದಲ್ಲಿ, ಅಂಪೈರ್ ಮತ್ತು ಕ್ಯಾಮೆರಾ ಮುಂದೆ, ಒಂದೇ ದಿನದಲ್ಲಿ ಹತ್ತು ಓವರ್ ಹಾಕಿ ತೋರಿಸಬೇಕು. ಪಾಸಾದರೆ ಮತ್ತೆ ತಂಡ. ಅಂದು ತಪ್ಪಿದರೆ ಹೆಸರು ಪಟ್ಟಿಯಿಂದ ಶಾಶ್ವತವಾಗಿ ಹೊರಗೆ.

ಕಲ್ಲೇಶನ ಹೆದರಿಕೆ ಅಂಪೈರನದಲ್ಲ, ಕ್ಯಾಮೆರಾದ್ದೂ ಅಲ್ಲ. ತನ್ನ ಕೈ ನೆಟ್ಟಗಾಗುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಕಪಾಟಿನ ಕನ್ನಡಿಯ ಮುಂದೆ ನೂರು ಸಲ ತಿರುಗಿಸಿ ನೋಡಿದ. ಕನ್ನಡಿಯೊಳಗಿನ ಕೈ ಒಮ್ಮೆ ಸಾಚಾ, ಒಮ್ಮೆ ಲುಚ್ಚಾ. ರೊಟ್ಟಿಗೆ ಕೈ ಚಾಚಿದರೂ ಮೊಳಕೈಯತ್ತ ನೋಡುತ್ತಿದ್ದ. ಹೆಗಲಿಗೆ ಜೋತುಬಿದ್ದ ಆ ಕೈ ಬೇರೆ ಯಾರದೋ ಎಂಬಂತೆ, ನಾಳೆ ತನ್ನ ವಿರುದ್ಧವೇ ಸಾಕ್ಷಿ ಹೇಳುವ ಆಸಾಮಿಯಂತೆ ಕಾಣುತ್ತಿತ್ತು.

ಆ ಬಾಗು ಹುಟ್ಟಿನಿಂದ ಬಂದದ್ದಲ್ಲ. ಒಂಬತ್ತನೇ ವಯಸ್ಸಿನಲ್ಲಿ ಮೆಣಸಿನಕಾಯಿ ಚೀಲಗಳ ಥಪ್ಪಿಯ ಮೇಲಿಂದ ಬಿದ್ದಿದ್ದ. ಎಲುಬು ಕೂಡಿಸುವ ರಾಣೆಬೆನ್ನೂರಿನ ಚಮನಸಾಬ, ಬಿದಿರಿನ ದಬ್ಬೆ ಇಟ್ಟು, ತತ್ತಿಯ ಲೋಳೆಯಲ್ಲಿ ಉದ್ದಿನ ಹಿಟ್ಟು ಕಲಸಿ ಮೆತ್ತಿ, ಪಟ್ಟಿ ಸುತ್ತಿ, ಇಪ್ಪತ್ತೊಂದು ದಿನ ಮುಟ್ಟಬೇಡ ಎಂದಿದ್ದ. ಹದಿನೈದನೇ ದಿನ ಓಣಿಯಲ್ಲಿ ಫೈನಲ್ ಮ್ಯಾಚ್ ಇತ್ತು. ಹುಡುಗ ಕಲ್ಲಿನಿಂದ ಜಜ್ಜಿ ಪಟ್ಟಿ ಕಿತ್ತುಹಾಕಿದ. ಪಂದ್ಯ ಗೆದ್ದ, ಮೊಳಕೈ ಸೊಟ್ಟಗೇ ಕೂತಿತು.

ಶನಿವಾರ ಮುಂಜಾನೆ ಅದೇ ಚಮನಸಾಬನ ಕಟ್ಟೆಯ ಮೇಲೆ ಕಲ್ಲೇಶ ಹಾಜರಾದ.

"ಬಾರಪಾ ಫೈನಲ್ ಮ್ಯಾಚು!" ಎಂದ ಮುದುಕ. "ಹದಿನೇಳು ವರ್ಷಾತು, ಪಟ್ಟಿ ಕಟ್ಟಿಸಿಕೊಳ್ಳಾಕ ಬಂದವರಿಗೆಲ್ಲಾ ನಿನ್ನ ಕಥಿನ ಹೇಳಾಕತ್ತೇನಿ."

"ಚಾಚಾ, ಮೊಳಕೈ ಅಲ್ಲಾಡಬಾರದು. ಬಾಗಿದ್ದು ಬಾಗಿದಂಗ ಇರಬೇಕು. ನಾಳಿ ಒಂದು ದಿನ ಸಾಕ್ರಿ."

"ನನ್ನ ಪಟ್ಟಿ ಮದುವಿ ರುಮಾಲಲ್ಲ, ಒಂದು ದಿನ ಸುತ್ತಿ ಬಿಚ್ಚಾಕ. ಕಟ್ಟಿದರ ಇಪ್ಪತ್ತೊಂದು ದಿನ. ಕಲ್ಲು ತಗೊಂಡು ಜಜ್ಜಿದರೂ ಬರಬಾರದು, ಈ ಸಲ ಹಂಗ ಕಟ್ತೇನಿ."

"ಕಟ್ರಿ."

"ಅಂಜೀದಿಯೇನಲೇ?"

"ಹೂಂನ್ರಿ."

"ಯಾರಿಗೆ?"

"ನನ್ನ ಕೈಗೆ."

ಮುದುಕ ತತ್ತಿ ಒಡೆದ.

ರವಿವಾರ ಹಾವೇರಿ ಮೈದಾನದಲ್ಲಿ ಮೂರು ಕಾಲಿನ ಕ್ಯಾಮೆರಾ ಒಂಟಿಗಣ್ಣು ಬಿಟ್ಟುಕೊಂಡು ಪಿಚ್ಚಿನ ಪಕ್ಕ ನಿಂತಿತ್ತು. ಅಂಪೈರ್ ರುದ್ರಮುನಿ. ಅಂಗಿ ಕಿಸೆಯಲ್ಲಿ ನಿಯಮದ ಪುಸ್ತಕ ಇಲ್ಲದೆ ಮನೆಯ ಹೊಸ್ತಿಲೂ ದಾಟದ ಮನುಷ್ಯ.

ಮೊದಲ ಚೆಂಡು ಹಾಕುವಾಗ ಕಲ್ಲೇಶನ ಕಿವಿ ಬೆನ್ನಿಗೆ ಬಂದು ಕೂತಿತು. ಹಿಂದಿನಿಂದ 'ನೋ ಬಾಲ್' ಎಂಬ ಕೂಗು ಈಗ ಬಂತು, ಈಗ ಬಂತು. ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಸುಮ್ಮನಿದ್ದಷ್ಟೂ ಹೆದರಿಕೆ ಹೆಚ್ಚಿತು. ಎಲ್ಲಾ ಕೂಡಿಸಿಟ್ಟು ಒಮ್ಮೆಲೇ ಕೂಗುತ್ತಾನೇನೋ! ಪಟ್ಟಿಯೊಳಗೆ ಬೆವರು ಇಳಿಯುತ್ತಿತ್ತು, ಇರುವೆ ಹರಿದಂತೆ ತುರಿಸುತ್ತಿತ್ತು. ತುರಿಸಿಕೊಂಡರೆ ಸಿಕ್ಕಿಬೀಳುತ್ತಾನೆ. ಗಿಡದ ನೆರಳಲ್ಲಿ ಕೂತ ಕಾವ್ಯಾ ತನ್ನ ಮೊಳಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಏಳು ಓವರ್ ಮುಗಿದು ನೀರಿಗೆ ಬಿಟ್ಟಾಗ ರುದ್ರಮುನಿ ಬೆರಳು ಮಾಡಿ ಕರೆದ.

"ಬಾ ಇಲ್ಲೆ."

ಕಲ್ಲೇಶ ಚೆಂಡು ಹಿಡಿದುಕೊಂಡೇ ಹೋದ.

"ನಲವತ್ತೆರಡು ಬಾಲ್ ನೋಡೇನಿ. ನಿನ್ನ ಮೊಳಕೈ ಒಂದು ನೂಲು ಅಲ್ಲಾಡಿಲ್ಲ. ನಮ್ಮ ಮನಿ ಕಂಬಾನೂ ಇಷ್ಟು ಗಟ್ಟಿ ಇಲ್ಲ. ಯಾವನಪಾ ನಿನ್ನ ಮ್ಯಾಲ ಬರದಾವ?"

ಮೂರು ವಾರದಿಂದ ಹಿಡಿದಿಟ್ಟ ಉಸಿರು ಆಗ ಹೊರಗೆ ಬಂತು. ಕಣ್ಣು ಒದ್ದೆಯಾಯಿತು. ಆ ಖುಷಿಯಲ್ಲಿ ಕಲ್ಲೇಶ ಚೆಂಡನ್ನು ಅಂಪೈರನ ಕೈಗಿಟ್ಟ.

ರುದ್ರಮುನಿ ಚೆಂಡು ತಿರುಗಿಸಿದ. ಕೆಂಪು ತೊಗಲಿನ ಮೇಲೆ ಬಿಳಿ ಬಿಳಿ ಚೂರು. ಮೂಗಿಗೆ ಹಿಡಿದ.

"ತತ್ತಿ ವಾಸನಿ."

"ಮುಂಜಾನೆ ಆಮ್ಲೆಟ್ ತಿಂದಿದ್ದೆರಿ."

"ತೋಳಿನಾಗಿಂದ ತಿಂದೀಯೇನು? ಅಲ್ಲಿಂದನ ಉದುರಾಕತ್ತೈತಲ್ಲ. ಗುಂಡಿ ಬಿಚ್ಚು."

ಮೊದಲ ಗುಂಡಿ. ಎರಡನೇ ಗುಂಡಿ. ರುದ್ರಮುನಿ ಬೆರಳು ಮಡಚಿ ಪಟ್ಟಿಯ ಮೇಲೆ ಬಡಿದ. ಟಕ್ ಟಕ್.

"ಇದೇನು, ಕೈಯೋ ಬಾಗಿಲೋ?"

ಕಲ್ಲೇಶ ತೋಳನ್ನು ಕೆಳಗೆಳೆದುಕೊಂಡ. ಬೈಗುಳಕ್ಕೆ ತಯಾರಾಗಿ ನಿಂತ. ರುದ್ರಮುನಿ ಬೈಯಲಿಲ್ಲ. ಅದಕ್ಕಿಂತ ಭಯಂಕರವಾದದ್ದನ್ನು ಮಾಡಿದ: ಪುಸ್ತಕ ತೆಗೆದ.

"ಬೌಲ್ ಮಾಡೋ ಕೈಗೆ ಅಂಪೈರ್ ಒಪ್ಪಿಗಿ ಇಲ್ಲದ ಏನೂ ಕಟ್ಟಂಗಿಲ್ಲ. ಕಟ್ಟಿದ ಕೈಲೆ ಹಾಕಿದ್ದು ಪರೀಕ್ಷಾಕ್ಕ ಹಿಡಿಯಂಗಿಲ್ಲ. ಬಿಚ್ಚು, ಮೊದಲಿಂದ ಹತ್ತು ಓವರ್ ಹಾಕು. ಕ್ಯಾಮೆರಾ ಐದರ ತನಕ ಇರತೈತಿ."

ಕಲ್ಲೇಶ ಉಗುರಿನಿಂದ ಕೆರೆದ. ಹಲ್ಲಿನಿಂದ ಕಚ್ಚಿದ. ಕಾವ್ಯಾ ಓಡಿಬಂದು ದಾರ ಕತ್ತರಿಸುವ ಕತ್ತರಿ ಹಾಕಿದಳು, ಕತ್ತರಿಯ ಮೂತಿ ಸೊಟ್ಟಗಾಯಿತು. ಚಹಾದಂಗಡಿಯಿಂದ ಬಿಸಿನೀರು ತಂದು ಸುರಿದರು. ತತ್ತಿ ಬೆಂದು ಇನ್ನಷ್ಟು ಗಟ್ಟಿಯಾಯಿತು. ಕಲ್ಲಿನಿಂದ ಜಜ್ಜಿದ. ಒಂಬತ್ತು ವರ್ಷದ ಪೋರನಿಗೆ ಬಿಟ್ಟುಕೊಟ್ಟ ಪಟ್ಟಿ, ಇಪ್ಪತ್ತಾರರ ಆಟಗಾರನಿಗೆ ಬಿಟ್ಟುಕೊಡಲಿಲ್ಲ. ಚಮನಸಾಬ ಮಾತಿನ ಮನುಷ್ಯ.

ಐದಕ್ಕೆ ಕ್ಯಾಮೆರಾ ತನ್ನ ಮೂರು ಕಾಲು ಮಡಚಿಕೊಂಡಿತು. ರುದ್ರಮುನಿ ಪೆನ್ನು ತೆಗೆದು, ಕನಿಕರದಿಂದಲೇ ಕೇಳಿದ.

"ಯಾವಾಗ ಕಟ್ಟಿಸೀದಿ?"

"ನಿನ್ನೆರಿ."

"ಬಿಚ್ಚೋದು ಯಾವಾಗ?"

"ಇನ್ನ ಇಪ್ಪತ್ತು ದಿನಾರಿ."

ರುದ್ರಮುನಿ ಷರಾ ಕಾಲಮ್ಮಿನಲ್ಲಿ ಬರೆದ: 'ಬೌಲರ್ ಹಾಜರಿದ್ದನು. ಬೌಲರನ ಕೈ ಹಾಜರಿರಲಿಲ್ಲ.'